ಮಂಡಿ ಆ್ಯಪ್ ಮುಗಿಯಬಾರದಿತ್ತು

ಅಕ್ಕ ಅವನಿಗೆ ‘ಕತ್ತರಿ’ ಎಂದು ಹೆಸರಿಟ್ಟಿದ್ದಳು. ನಾನು ಏನು ಕೇಳಿದರೂ ಕತ್ತರಿಸಿ ಹಾಕುತ್ತಿದ್ದನಲ್ಲ, ಅದಕ್ಕೆ.

ನನ್ನದು ಫಿಸಿಯೋಥೆರಪಿ ಕ್ಲಿನಿಕ್. ಅಕ್ಕ ರಿಸೆಪ್ಷನ್ ನೋಡಿಕೊಳ್ಳುತ್ತಾಳೆ. ಮಂಡಿ ಆಪರೇಷನ್ ಆದವರು ನನ್ನೆದುರು ಚೆನ್ನಾಗಿಯೇ ಕಾಲು ಮಡಚುತ್ತಾರೆ, ಮನೆಗೆ ಹೋದರೆ ಹೆದರಿ ಸುಮ್ಮನಾಗುತ್ತಾರೆ. ಫೋನನ್ನು ಮೊಣಕಾಲಿನ ಕೆಳಗೆ ಕಟ್ಟಿಕೊಂಡರೆ, ಕಾಲು ಎಷ್ಟು ಮಡಚಿತೆಂದು ಅದೇ ಬಾಯಿಬಿಟ್ಟು ಹೇಳಬೇಕು, ನೆಟ್ ಇಲ್ಲದಿದ್ದರೂ ಹೇಳಬೇಕು. ಅಂಥದ್ದೊಂದು ಆ್ಯಪ್ ಮಾಡಿಕೊಡಲು ಬಂದವನು ಅವನು.

“ಮೊದಲ ವರ್ಷನ್‌ನಲ್ಲಿ ಇದೊಂದೇ ಇರ್ಲಿ ಡಾಕ್ಟ್ರೇ. ಇದು ಸರಿಹೋದ್ರೆ ಉಳಿದಿದ್ದು ಆಮೇಲೆ.”

ತಲೆಯಾಡಿಸಿದೆ. ಅವನು ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ದಿನವೂ ಬಂದು, ರೋಗಿಗಳ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, “ಎಷ್ಟು ಮಡಚಿದಾಗ ಭಯ ಶುರುವಾಗತ್ತೆ?” ಎಂದು ಕೇಳುತ್ತಿದ್ದ. ಉತ್ತರ ಕೇಳುವಾಗ ಅವನ ಎಡ ಹುಬ್ಬು ಚೂರೇ ಚೂರು ಮೇಲೇರುತ್ತಿತ್ತು. ಬಲ ಹುಬ್ಬು ಯಾಕೆ ಏರುವುದಿಲ್ಲ ಎಂದು ನನಗೆ ಎಲ್ಲಿಲ್ಲದ ಕುತೂಹಲ.

“ನೋವಿರೋದು ಆ ಕಾಲಲ್ಲಿ ಕಣಮ್ಮ,” ಎಂದರು ಒಬ್ಬ ತಾತ. ನೋಡಿದರೆ, ಚೆನ್ನಾಗಿದ್ದ ಕಾಲಿಗೆ ಬ್ಯಾಂಡೇಜ್ ಸುತ್ತುತ್ತಿದ್ದೆ.

ಆ್ಯಪ್ ಮುಗಿಯುತ್ತ ಬಂದಂತೆ ನನಗೆ ಸಂಕಟ ಶುರುವಾಯಿತು. ಮುಗಿದ ಮೇಲೆ ಅವನಿಗೆ ಇಲ್ಲೇನು ಕೆಲಸ?

“ಇದಕ್ಕೊಂದು ಕ್ಯಾಲೆಂಡರ್ ಬೇಕು,” ಎಂದೆ.

“ಬೇಡ.”

“ಹಿತವಾಗಿ ಒಂದು ಮ್ಯೂಸಿಕ್?”

“ಮಂಡಿ ಹಿಡ್ಕೊಂಡೋರು ಮ್ಯೂಸಿಕ್ ಹುಡುಕ್ತಾ ಕೂರ್ತಾರಾ?”

“ಭುಜಕ್ಕೂ ಆಗೋ ಹಾಗೆ ಮಾಡಿ.”

“ಮೊದ್ಲು ಮಂಡಿ ನೆಟ್ಟಗಾಗ್ಲಿ ಡಾಕ್ಟ್ರೇ.”

ಅವನಿಗೆ ಅವಸರವೋ ಅವಸರ. ಇಲ್ಲಿಂದ ಪಾರಾದರೆ ಸಾಕು ಎಂದುಕೊಂಡಿದ್ದಾನೆ ಅನ್ನಿಸಿ ಮುಖ ಊದಿಸಿಕೊಂಡೆ. “ಪಾಪ, ಆ ಕತ್ತರೀನ ಯಾಕೆ ಗೋಳು ಹುಯ್ಕೊಳ್ತೀಯೇ?” ಎಂದು ಅಕ್ಕ ನಕ್ಕಳು.

ಕೊನೆಯ ಪರೀಕ್ಷೆಗೆ ಅವನೇ ರೋಗಿಯಾಗಿ ಬೆಂಚಿನ ಮೇಲೆ ಕೂತ. ಅವನ ಕಾಲಿಗೆ ಪಟ್ಟಿ ಸುತ್ತಿ ಫೋನ್ ಕಟ್ಟಿದೆ. ಅವನು ನಿಧಾನವಾಗಿ ಕಾಲು ಮಡಚಿದ. “ನೂರು ಡಿಗ್ರಿ. ಚೆನ್ನಾಗಿ ಬಂತು, ಇಷ್ಟು ಸಾಕು,” ಎಂದಿತು ಫೋನು. ಕೋನಮಾಪಕ ಇಟ್ಟು ನೋಡಿದೆ. ಒಂದಿಷ್ಟೂ ತಪ್ಪಿರಲಿಲ್ಲ.

“ಅಂತೂ ಮುಗೀತು,” ಎಂದು ಅವನು ನೆಮ್ಮದಿಯಿಂದ ಉಸಿರುಬಿಟ್ಟ. ನನಗೆ ರೇಗಿಹೋಯಿತು.

“ಮುಗಿದಿಲ್ಲ. ಸೊಂಟಕ್ಕೂ ಬೇಕು.”

“ಡಾಕ್ಟ್ರೇ, ನಿಜ ಹೇಳಿ. ನನ್ನ ಕೆಲಸ ಇಷ್ಟ ಆಗ್ಲಿಲ್ವಾ?”

ಅವನ ದನಿ ಸಣ್ಣಗಾಗಿತ್ತು. ಇನ್ನು ಸುಳ್ಳು ಹೇಳಲಾಗಲಿಲ್ಲ.

“ತುಂಬಾ ಇಷ್ಟ ಆಯ್ತು. ಮುಗಿದ್ರೆ ನೀವು ಬರೋದು ನಿಲ್ಲತ್ತೆ ಅಂತ ಏನೇನೋ ಕೇಳ್ತಿದ್ದೆ.”

ಅವನು ನನ್ನನ್ನೇ ನೋಡಿದ. ಕಿವಿ ಕೆಂಪಾಗಿತ್ತು.

“ನಾನು ಕತ್ತರಿಸಿದ್ದೆಲ್ಲ ಬೇಗ ಮುಗಿಸೋಕೆ,” ಎಂದ. “ನಿಮ್ಮ ಹತ್ರ ಸಂಬಳಕ್ಕೆ ಕೆಲಸ ಮಾಡ್ತಾ ನಿಮ್ಮನ್ನ ಹೇಗೆ ಕೇಳ್ಲಿ? ಮುಗೀಲಿ ಅಂತ ಕಾಯ್ತಿದ್ದೆ. ನೀವು ನೋಡಿದ್ರೆ ಭುಜ, ಸೊಂಟ ಅಂತ ಬೆಳೆಸ್ತಾನೇ ಹೋದ್ರಿ.”

“ಏನು ಕೇಳ್ಬೇಕಿತ್ತು?”

“ಕೆಲಸ ಮುಗೀತು ಅಂತ ಮೊದ್ಲು ನೀವು ಒಪ್ಕೊಳ್ಳಿ.”

ಇಷ್ಟು ದಿನ ನಾನು ಹೆದರಿದ್ದೆಲ್ಲ ಆ ಒಂದು ಮಾತಿಗೇ.

“ಮುಗೀತು,” ಎಂದೆ. “ಈಗ ಕೇಳಿ.”