ಜುನಿಪರ್‌ಳ ಹಿಂಗಾಲು

ಒಕ್ಲಹೋಮದ ಒಂದು ಲಾಯದಲ್ಲಿ ಸೋಮವಾರ ಬೆಳಿಗ್ಗೆ ಜುನಿಪರ್ ಎಂಬ ಹೆಣ್ಣು ಕುದುರೆ ಎಡ ಹಿಂಗಾಲು ಊರಲಾರದೆ ನಿಂತಿತ್ತು. ಎರಡು ಹಿಂಗಾಲುಗಳಲ್ಲೂ ಗೊರಸಿನ ಮೇಲಿನ ಚರ್ಮ ಸುಟ್ಟಂತೆ ಸುಲಿದಿತ್ತು. ನೋಡಿದ ಡ್ಯೂಯಿಗೆ ಮೈಯೆಲ್ಲ ಉರಿಯಿತು.

ಡ್ಯೂಯಿ ಯೂಲಾಳ ಗಾಡಿ ಓಡಿಸುವವನು, ಹಳೆಯ ಗೆಳೆಯ. ದನಗಳ್ಳರನ್ನು ಹಿಡಿಯುವ ಕೆಲಸದಿಂದ ಯೂಲಾ ನಿವೃತ್ತಳಾಗಿದ್ದರೂ ಊರಿನವರು ಏನೇ ಆದರೂ ಅವಳನ್ನೇ ಕರೆಯುತ್ತಿದ್ದರು. ಈ ಸಲ ಕರೆದವಳು ಈ ಲಾಯದಲ್ಲಿ ರೇನಿಂಗ್ ಸ್ಪರ್ಧೆಗೆ, ಅಂದರೆ ಓಡುತ್ತಲೇ ಸವಾರನ ಅಪ್ಪಣೆಗೆ ತಿರುಗಿ, ಜಾರಿ ನಿಲ್ಲುವ ಆಟಕ್ಕೆ, ಕುದುರೆಗಳನ್ನು ಪಳಗಿಸುವ ನಡೀನ್.

"ಕುದುರೇನ ಇವತ್ತೇ ಒಯ್ತೀನಿ!" ಮಗಳು ಟೆಸ್ ಹೆಸರಿಗೆ ಜುನಿಪರ್‌ಳನ್ನು ಕೊಂಡಿದ್ದ ಗಾರ್ಲೆಂಡ್, ಕುದುರೆ ಒಯ್ಯುವ ಟ್ರೇಲರ್ ತಂದು ನಿಲ್ಲಿಸಿ ಕೂಗಾಡುತ್ತಿದ್ದ. "ನಿಧಾನ ನಿಧಾನ ಅಂತ ವರ್ಷ ಕಳೆದ್ಳು. ಈಗ ಕದ್ದು ಓಡಿಸಿ ಕಾಲು ಕೆಡಿಸಿದಾಳೆ. ಬೇರೆ ಟ್ರೈನರ್ ಆದ್ರೆ ನೋವು ಗೊತ್ತಾಗದ ಹಾಗೆ ಒಂದು ಸೂಜಿ ಚುಚ್ಚಿ ಮುಂದಿನ ತಿಂಗಳೇ ಸ್ಪರ್ಧೆಗೆ ಇಳಿಸ್ತಾನೆ."

"ಇಳಿಸಿ! ಅಲ್ಲಿಗೇ ಅವಳ ಕತೆ ಮುಗೀತು," ನಡೀನ್ ಸಿಡಿದಳು. "ಎಲುಬು ಬಲೀಲಿ ಅಂತ ಬಡ್ಕೊಂಡೆ. ವರ್ಷಗಟ್ಟಲೆ ಆಡೋ ಕುದುರೆ ಕಣ್ರೀ ಇದು!"

ಗಾರ್ಲೆಂಡ್ ಕೈ ಚಾಚಿದ. ಕುದುರೆ ಬೆದರಿತು. "ವೋ, ವೋ, ಪುಟ್ಟಿ," ಎಂದ. ಜುನಿಪರ್ ತಟ್ಟನೆ ಹಿಂಭಾಗ ತಗ್ಗಿಸಿ ನೋವಿಗೆ ನಡುಗಿತು.

"ಆ ಮಾತು ಇಲ್ಲಿ ಆಡ್ಬೇಡಿ!" ನಡೀನ್ ಗದರಿದಳು.

ಯೂಲಾ ಲಾಯದ ಹಿಂದಿನ ಗಟ್ಟಿ ನೆಲದ ದಾರಿಗೆ ನಡೆದಳು. ಅಲ್ಲಿ ಗೊರಸು ಜಾರಿದ ಹೊಸ ಗುರುತುಗಳಿದ್ದವು. ಎಲ್ಲವೂ ಮೋಟು, ಒಂದರ ಪಕ್ಕ ಒಂದು. ಲಾಯದ ಬೀಗ ಮುರಿದಿರಲಿಲ್ಲ; ಅದರ ಕೈ ಇದ್ದದ್ದು ನಾಲ್ವರ ಬಳಿ ಮಾತ್ರ. ಲಾಯದ ಆಳು ಲೂಪೆಯದೇ ಕೆಲಸವೆಂದು ಡ್ಯೂಯಿ ಅಷ್ಟರಲ್ಲಿ ತೀರ್ಮಾನಿಸಿದ್ದ.

ಯೂಲಾ ಟೆಸ್, ಲೂಪೆ ಸೇರಿದಂತೆ ಎಲ್ಲರನ್ನೂ ಜೀನುಗಳ ಕೋಣೆಯಲ್ಲಿ ಕೂರಿಸಿದಳು.

"ಜಾರಿ ನಿಲ್ಲೋದನ್ನ ಕಲಿಸೋರು ಮೆತ್ತನೆ ಮಣ್ಣಲ್ಲಿ, ಕಾಲಿಗೆ ಚರ್ಮದ ಪಟ್ಟಿ ಕಟ್ಟಿ, ಉದ್ದಕ್ಕೆ ಒಂದೇ ಸಲ ಜಾರಿಸ್ತಾರೆ. ಗಟ್ಟಿ ನೆಲದಲ್ಲಿ ಹೆಜ್ಜೆಗೊಂದು ಸಲ ಯಾರು ನಿಲ್ಲಿಸ್ತಾರೆ? ನಿಲ್ಲಿಸೋಕೆ ಹೊರಟೋರಲ್ಲ. ನಿಧಾನ ಮಾಡೋಕೆ ಹೊರಟೋರು."

"ಅಂದ್ರೆ?" ಡ್ಯೂಯಿ ಕೇಳಿದ.

"ಹೊಲದ ಕುದುರೆಗೆ 'ವೋ' ಅಂದ್ರೆ ಮೆಲ್ಲಗೆ ಅಂತ. ಇವಳಿಗೆ ಅದು ಒಂದೇ ಅಪ್ಪಣೆ: ಹಿಂಗಾಲ ಮೇಲೆ ಕೂತು ಜಾರಿ ನಿಲ್ಲು! ನಡೀನ್, ಲೂಪೆ, ಟೆಸ್ ಆ ಮಾತನ್ನ ಸುಮ್ಸುಮ್ನೆ ಬಾಯಿಗೇ ತರಲ್ಲ. ಬೀಗದ ಕೈ ಇರೋ ನಾಲ್ಕನೇಯೋರು ನೀವು, ಗಾರ್ಲೆಂಡ್. ಸಮಾಧಾನ ಮಾಡೋಕೂ ಅದನ್ನೇ ಅಂದ್ರಿ. ನಿನ್ನೆ ಭಾನುವಾರ, ಲಾಯದಲ್ಲಿ ಯಾರೂ ಇಲ್ಲದಾಗ ಇವಳನ್ನ ಹತ್ತಿದ್ರಿ. ಅವಳು ಜೋರಾದಾಗಲೆಲ್ಲ 'ವೋ' ಅಂದ್ರಿ. ಅವಳು ಜಾರಿದ್ಳು. ಒದ್ದು ಓಡಿಸಿದ್ರಿ, ಮತ್ತೆ 'ವೋ'. ಚರ್ಮ ಕಿತ್ತು ಬರೋವರೆಗೂ ಹೇಳಿದ ಮಾತು ಕೇಳಿದ್ಳು, ಪಾಪ."

ಗಾರ್ಲೆಂಡ್ ಮುಖ ಕೆಂಪಾಯಿತು. "ನಾನೂ ಕುದುರೆ ಮೇಲೇ ಬೆಳೆದೋನು. ಸ್ಪರ್ಧೆಗೆ ಸಿದ್ಧವೋ ಅಂತ ಒಂದ್ಸಲ ನೋಡಿದೆ, ಅಷ್ಟೇ!"

"ಹತ್ತಿದ್ದು ದಡ್ಡತನ," ಯೂಲಾಳ ದನಿ ಏರಿತು. "ಕಾಲು ನೋಡಿದ ಮೇಲೆ ನಡೀನ್ ಹೆಸರು ಕೆಡಿಸೋಕೆ ಹೊರಟ್ರಲ್ಲ, ಅದು ನೀಚತನ."

ಲೂಪೆಯ ಮುಖ ನೋಡಲು ಡ್ಯೂಯಿಗೆ ನಾಚಿಕೆಯಾಯಿತು.

ಟೆಸ್ ಎದ್ದು ಲಾಯದ ಬಾಗಿಲಿಗೆ ಅಡ್ಡ ನಿಂತಳು. "ಕುದುರೆ ನನ್ನ ಹೆಸರಲ್ಲಿದೆ ಅಪ್ಪಾ. ಇಲ್ಲೇ ಇರುತ್ತೆ. ಖಾಲಿ ಟ್ರೇಲರ್ ಎಳ್ಕೊಂಡು ಹೋಗು."

ಗಾರ್ಲೆಂಡ್ ನಡೀನ್ ಕಡೆ ತಿರುಗಿದ. "ಕಾಲು ಸರಿಹೋಗುತ್ತಾ?"

"ಗೊತ್ತಿಲ್ಲ," ಎಂದಳು ನಡೀನ್, ಅವನತ್ತ ನೋಡದೆ. "ಒಂದು ವರ್ಷ ಕಾದು ನೋಡ್ಬೇಕು. ನಿಮಗೆ ಒಂದು ಭಾನುವಾರ ಕಾಯೋಕಾಗಲಿಲ್ಲ."