ಬಲಗಡೆಯ ಗುಂಡಿ ಒತ್ತಿದವರು

"ಫ್ಯೂಸಣ್ಣ, ನಾನು ಒತ್ತಿಲ್ಲ. ನೀವಾದ್ರೂ ನಂಬಿ," ಎನ್ನುತ್ತಾ ಸಿಡುಕಿ ಎಂದೇ ಹೆಸರಾದ ಪ್ರೆಸ್ ಯಂತ್ರದ ಕೆಲಸಗಾರ್ತಿ ಬಾಗಿಲಲ್ಲೇ ನಿಂತಳು.

ಫ್ಯೂಸಣ್ಣ ಎಂದರೆ ತಗಡು ಕಾರ್ಖಾನೆಯ ಎಲೆಕ್ಟ್ರಿಷಿಯನ್. ಕೆಟ್ಟ ಫ್ಯಾನಿನಿಂದ ಹಿಡಿದು ಕಾಣೆಯಾದ ಬೀಗದ ಕೈವರೆಗೆ ಅಲ್ಲಿನ ಒಗಟುಗಳೆಲ್ಲ ಅವನ ಕೋಣೆಗೇ ಬರುತ್ತಿದ್ದವು. ಹಿಂದೆಯೇ ಪ್ರಥಮ ಚಿಕಿತ್ಸೆಯ ದಾದಿಯೂ ಬರುತ್ತಿದ್ದಳು. ಅವನ ಬುದ್ಧಿಯ ಮೇಲೆ ಅವಳಿಗೆ ಎಷ್ಟು ನಂಬಿಕೆಯೋ ಅವನ ನಿಧಾನದ ಮೇಲೆ ಅಷ್ಟೇ ಸಿಟ್ಟು.

ಅವತ್ತು ಸಿಟ್ಟು ಮಾಡಿಕೊಳ್ಳುವ ತ್ರಾಣವೂ ಅವಳಲ್ಲಿರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಎರಡಕ್ಕೆ, ಪಾಳಿ ಬದಲಾಗುವ ಹೊತ್ತಿನಲ್ಲಿ, ಮೂರನೇ ಪ್ರೆಸ್ ಯಂತ್ರ, ಅಲ್ಲೇ ದುಡಿಯುವ ಅಕ್ಕತಂಗಿಯರಲ್ಲಿ ತಂಗಿಯ ಬಲಗೈಯ ಮೂರು ಬೆರಳು ಜಜ್ಜಿಹಾಕಿತ್ತು. ಬೆಳಗಿನ ಪಾಳಿಯಲ್ಲಿ ಆ ಯಂತ್ರ ನಡೆಸಿದವಳು ಅಕ್ಕ. ಅವಳು ಎದ್ದ ಜಾಗದಲ್ಲಿ ತಂಗಿ ಕೂತು ಮೊದಲ ತಗಡು ಇಟ್ಟಿದ್ದಳು, ಅಷ್ಟೇ. ಆ ಕೈಗೆ ಬಟ್ಟೆ ಸುತ್ತಿದ್ದ ದಾದಿಗೆ ರಾತ್ರಿಯಿಡೀ ಕಣ್ಣು ಮುಚ್ಚಲಾಗಿರಲಿಲ್ಲ.

ವಿಚಿತ್ರವೆಂದರೆ ಹಾಗಾಗಲು ಸಾಧ್ಯವೇ ಇರಲಿಲ್ಲ. ಯಂತ್ರಕ್ಕೆ ಎಡಕ್ಕೊಂದು ಬಲಕ್ಕೊಂದು, ಎರಡು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತದೆ. ಎರಡೂ ಕೈ ಗುಂಡಿಗಳ ಮೇಲಿದ್ದರೆ ಒಳಗೆ ಸಿಕ್ಕಿಕೊಳ್ಳಲು ಮೂರನೇ ಕೈ ಎಲ್ಲಿಂದ ಬರಬೇಕು? ಹಾಗಾದರೆ ತಂಗಿಯ ಬಲಗೈ ಒಳಗಿದ್ದಾಗ ಬಲಗಡೆಯ ಗುಂಡಿ ಒತ್ತಿದವರು ಯಾರು? ಪಕ್ಕದ ಯಂತ್ರದಲ್ಲಿದ್ದವಳು ಸಿಡುಕಿ. ಫ್ಯಾನಿನ ಕೆಳಗಿನ ಜಾಗಕ್ಕಾಗಿ ವಾರದ ಹಿಂದಷ್ಟೇ ಅವಳಿಗೂ ತಂಗಿಗೂ ದೊಡ್ಡ ರಂಪವಾಗಿತ್ತು. ಮ್ಯಾನೇಜರಿಗೆ ಇಷ್ಟು ಸಾಕಾಯಿತು. ಇವತ್ತು ಸಂಜೆ ನಾಲ್ಕಕ್ಕೆ ಅವಳ ಮೇಲಿನ ದೂರು ಪೊಲೀಸರ ಕೈ ಸೇರಲಿತ್ತು.

ಫ್ಯೂಸಣ್ಣ ಎದ್ದು ಹೋಗಿ ಮೂರನೇ ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ. ಗುಂಡಿಗಳ ಪೆಟ್ಟಿಗೆಯ ತಿರುಪುಗಳ ಮೇಲೆ ಹಳೆಯ ಬಣ್ಣ ಹಾಗೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಬಲಗಡೆಯ ಪೆಟ್ಟಿಗೆಯ ಎಣ್ಣೆಜಿಡ್ಡಿನ ನಡುವೆ ಮಾತ್ರ ಸುತ್ತಲೂ ಎರಡು ಬೆರಳಗಲದ ಗೆರೆ ಸ್ವಚ್ಛವಾಗಿತ್ತು.

"ರಬ್ಬರ್ ಕಟ್ಟಿದ್ದ ಗುರುತು ಇರಬೇಕು. ನಾನೂ ನೋಡಿದೆ," ಎಂದ ಅಲ್ಲೇ ನಿಂತಿದ್ದ ಸೂಪರ್‌ವೈಸರ್. "ರಬ್ಬರಲ್ಲಿ ಕರೆಂಟ್ ಹರಿಯಲ್ವಲ್ಲ, ಅದಕ್ಕೇ ಬಿಟ್ಟೆ."

ಫ್ಯೂಸಣ್ಣ ದಾದಿಯತ್ತ ತಿರುಗಿದ. "ನರ್ಸಮ್ಮ, ನಿನ್ನೆ ಏನೇನು ನೋಡಿದ್ರೋ ಎಲ್ಲ ಹೇಳಿ. ಕೆಲಸಕ್ಕೆ ಬಾರದ್ದೂ ಸೇರಿಸಿ."

ದಾದಿ ಹೇಳಿದಳು: ಮೊದಲು ಓಡಿ ಬಂದವಳು ಅಕ್ಕ. ಸಿಡುಕಿ ತಂಗಿಯ ಕೈಯನ್ನು ಮೇಲೆತ್ತಿ ಹಿಡಿದಿದ್ದಳು. ಆಂಬುಲೆನ್ಸ್ ಹತ್ತುವಾಗ ಅಕ್ಕ ಎಡಗೈಯನ್ನಷ್ಟೇ ಊರಿದ್ದಳು. ಅವಳ ಊಟದ ಡಬ್ಬಿಯ ಮುಚ್ಚಳ ಬಿಚ್ಚಿಹೋಗುತ್ತಿತ್ತೆಂದು ದಾದಿಯೇ ಬ್ಯಾಂಡೇಜು ಬಟ್ಟೆ ಸುತ್ತಿ ಕೊಟ್ಟಿದ್ದಳು.

"ನಿನ್ನೆ ಬೆಳಗ್ಗೆ ಆ ಡಬ್ಬಿಗೆ ಏನು ಕಟ್ಟಿತ್ತು?"

"ಸೈಕಲ್ ಟ್ಯೂಬಿನ ಪಟ್ಟಿ. ದಿನಾ ಅದೇ ಇರುತ್ತೆ," ಎಂದಳು ದಾದಿ. ಹೇಳಿದ ಮೇಲೆ ಅವಳ ಕಣ್ಣು ಪೆಟ್ಟಿಗೆಯ ಮೇಲಿನ ಆ ಗೆರೆಗೆ ಹೋಯಿತು. ಈ ಮಾತನ್ನು ಆಡದೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಮೂರೂವರೆಗೆ ಮೂರನೇ ಯಂತ್ರದ ಬಳಿ ಮ್ಯಾನೇಜರ್, ಸೂಪರ್‌ವೈಸರ್, ಸಿಡುಕಿ, ಹೇಳಿಕೆ ಕೊಡಲು ಆಸ್ಪತ್ರೆಯಿಂದ ಬಂದಿದ್ದ ಅಕ್ಕ, ಎಲ್ಲರೂ ಸೇರಿದರು. ಫ್ಯೂಸಣ್ಣ ಒಂದು ಹಲಗೆ ತಂದಿಟ್ಟ. ಅದರ ಮೇಲೆ ಟಾರ್ಚಿನ ಸೆಲ್, ಚಿಕ್ಕ ಬಲ್ಬು, ಎರಡು ಒತ್ತುಗುಂಡಿ. ಎಲ್ಲವನ್ನೂ ಒಂದೇ ವೈರಿನಲ್ಲಿ ಸಾಲಾಗಿ ಸೇರಿಸಿದ್ದ.

"ಕರೆಂಟಿಗೆ ಸುತ್ತು ಪೂರ್ತಿ ಆಗ್ಬೇಕು. ಸೆಲ್ಲಿನ ಒಂದು ತುದಿಯಿಂದ ಹೊರಟು, ಈ ಗುಂಡಿ, ಆ ಗುಂಡಿ, ಬಲ್ಬು ದಾಟಿ ಇನ್ನೊಂದು ತುದಿಗೆ ಬರ್ಬೇಕು. ದಾರಿ ಎಲ್ಲಿ ಕಡಿದ್ರೂ ಎಲ್ಲಾ ಕಡೆ ನಿಂತುಹೋಗುತ್ತೆ." ಅವನು ಎಡಗುಂಡಿ ಒತ್ತಿದ. ಬಲ್ಬು ಹತ್ತಲಿಲ್ಲ. ಬಲಗುಂಡಿಯನ್ನೂ ಒತ್ತಿದ, ಹತ್ತಿತು. "ಈ ಯಂತ್ರದಲ್ಲೂ ಇದೇ ಲೆಕ್ಕ. ಒಂದು ಗುಂಡಿಯಿಂದ ಏನೂ ಆಗಲ್ಲ ಅನ್ನೋ ಧೈರ್ಯಕ್ಕೆ ಎಲ್ರೂ ಎಡಗೈಲಿ ಗುಂಡಿ ಒತ್ಕೊಂಡೇ ಬಲಗೈಲಿ ತಗಡು ಸರಿಮಾಡ್ತಾರೆ. ತಂಗಿಯೂ ಹಾಗೇ ಮಾಡಿದ್ಳು."

ಆಮೇಲೆ ಅವನು ರಬ್ಬರ್ ಪಟ್ಟಿಯೊಂದನ್ನು ಬಲಗುಂಡಿಯ ಮೇಲೆ ಬಿಗಿದ. ಗುಂಡಿ ಒಳಗೆ ಹೋಗಿ ಅಲ್ಲೇ ಉಳಿಯಿತು. ಎಡಗುಂಡಿಗೆ ಒಂದೇ ಬೆರಳು ತಾಗಿಸಿದ. ಬಲ್ಬು ಹತ್ತಿತು.

"ರಬ್ಬರಲ್ಲಿ ಕರೆಂಟ್ ಹರಿಯಲ್ಲ, ಸೂಪರ್‌ವೈಸರ್ ಹೇಳಿದ್ದು ನಿಜ. ಹರಿಯೋದು ಗುಂಡಿ ಒಳಗಿನ ಲೋಹದಲ್ಲಿ. ಗುಂಡಿ ಒತ್ತಿದ್ರೆ ಲೋಹಕ್ಕೆ ಲೋಹ ತಾಗುತ್ತೆ. ಒತ್ತಿದ್ದು ಕೈಯೋ ರಬ್ಬರೋ ಅಂತ ಅದು ಕೇಳೋದಿಲ್ಲ. ಪೆಟ್ಟಿಗೆ ಬಿಚ್ಚಿಲ್ಲ, ಅಂದ್ರೆ ವೈರು ಯಾರೂ ಮುಟ್ಟಿಲ್ಲ. ಗುರುತಿರೋದು ಪಟ್ಟಿಯದು ಮಾತ್ರ. ನಿನ್ನೆ ಬಲಗಡೆ ಯಾರ ಕೈಯೂ ಬೇಕಿರಲಿಲ್ಲ."

ನಂತರ ಅವನು ಅಕ್ಕನತ್ತ ತಿರುಗಿ ಮೆಲ್ಲಗೆ ಹೇಳಿದ, "ಅಮ್ಮಾ, ಬಲಗೈಯಿಂದ ಯಂತ್ರದ ಆ ಬಲಗುಂಡಿ ಒಮ್ಮೆ ಒತ್ತಿ ತೋರಿಸು."

ಅಕ್ಕ ಕೈ ಎತ್ತಿದಳು. ಅದು ಗುಂಡಿಯ ಎತ್ತರಕ್ಕಿರಲಿ, ಎದೆಯ ಮಟ್ಟಕ್ಕೂ ಬರಲಿಲ್ಲ.

"ಎರಡು ತಿಂಗಳಿಂದ ಭುಜ ಹಿಡ್ಕೊಂಡಿದೆ," ಎಂದಳು. "ಹೇಳಿದ್ರೆ ಯಂತ್ರದಿಂದ ಎಬ್ಬಿಸಿ ಗುಡಿಸೋಕೆ ಹಾಕ್ತಾರೆ. ಅದಕ್ಕೇ ಬಲಗುಂಡಿಗೆ ಪಟ್ಟಿ ಬಿಗಿದು ಕೆಲಸ ಮಾಡ್ತಿದ್ದೆ, ಏಳೋವಾಗ ದಿನಾ ಬಿಚ್ತಿದ್ದೆ. ನಿನ್ನೆ ತಂಗಿ ಬೇಗ ಬಂದು 'ಏಳು ಅಕ್ಕ' ಅಂತ ನಗಾಡಿದ್ಳು. ಆ ನಗೆಯಲ್ಲಿ ಮರ್ತುಬಿಟ್ಟೆ. ಚೀರಿದ್ದು ಕೇಳಿ ಓಡಿ ಬಂದೆ. ಅವಳನ್ನ ಹಿಡಿಯೋಕೆ ಮುಂಚೆ ಪಟ್ಟಿ ಕಿತ್ಕೊಂಡೆ. ಅವಳಿಗಿಂತ ಮುಂಚೆ ಪಟ್ಟಿ."

ಮ್ಯಾನೇಜರ್ ಕೈಯಲ್ಲಿದ್ದ ದೂರನ್ನು ಮಡಚಿ ಜೇಬಿಗಿಟ್ಟುಕೊಂಡ. ಅಕ್ಕ ಕೆನ್ನೆಗೆ ಹೊಡೆಸಿಕೊಳ್ಳಲು ಸಿದ್ಧಳಾದವಳಂತೆ ಸಿಡುಕಿಯ ಮುಂದೆ ಬಂದು ನಿಂತಳು.

"ನನ್ನ ಮುಂದೆ ಹೀಗೆ ನಿಲ್ಲೋದು ಬೇಡ," ಎಂದಳು ಸಿಡುಕಿ. "ನಾನು ಒತ್ತಿದೆ ಅಂತ ನಿನ್ನ ತಂಗಿ ಆಸ್ಪತ್ರೇಲಿ ಮಲ್ಕೊಂಡು ನಂಬಿದ್ದಾಳೆ. ಅವಳಿಗೆ ನೀನೇ ಹೇಳ್ಬೇಕು. ಬೇರೆ ಯಾರೂ ಹೇಳ್ಕೂಡದು."

ದಾದಿಯೇ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದಳು. ತಂಗಿ ಎಚ್ಚರವಾಗಿದ್ದಳು. ಅಕ್ಕನನ್ನು ಕಂಡ ಕೂಡಲೇ ಎಡಗೈ ಚಾಚಿದಳು.

"ಬಂದ್ಯಾ ಅಕ್ಕ. ನಿನ್ನೆ ನೀನು ಓಡಿ ಬಂದಿಲ್ದಿದ್ರೆ ನಾನು ಭಯಕ್ಕೇ ಸತ್ತೋಗ್ತಿದ್ದೆ."

ದಾದಿಗೆ ಇಲ್ಲಿಂದಲೇ ಹಿಂದಿರುಗಿಬಿಡೋಣ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. ಅಕ್ಕ ಆ ಕೈಯನ್ನು ಹಿಡಿಯದೆ ಸ್ಟೂಲು ಎಳೆದುಕೊಂಡು ಕೂತಳು.

"ಕೈ ಆಮೇಲೆ ಕೊಡು," ಎಂದಳು. "ಮೊದಲು ನಾನು ಹೇಳೋದನ್ನ ಪೂರ್ತಿ ಕೇಳು. ಕೇಳಿದ ಮೇಲೂ ಕೊಡ್ಬೇಕು ಅನ್ಸಿದ್ರೆ ಕೊಡು."