ಹದಿನೇಳನೇ ನಂಬರಿನ ನಾಲ್ಕನೇ ಸುತ್ತು

"ನಿಲ್ಲಿ! ನಿಮ್ಮದು ಇನ್ನೂ ಒಂದು ಸುತ್ತು ಬಾಕಿ!"

ದಾಕ್ಷಾಯಣಿ ಇಂಗ್ಲಿಷಿನಲ್ಲಿ ಕೂಗಿದಳು. ಸೈಕಲಿನಿಂದ ಇಳಿದು ಓಟಕ್ಕೆ ಬೂಟು ಕಟ್ಟುತ್ತಿದ್ದ ಯುವಕ ತಲೆ ಎತ್ತಿದ.

"ನಾಲ್ಕೂ ಆಯ್ತಲ್ಲ!"

"ಮೂರೇ. ನನ್ನ ಹಾಳೆಯಲ್ಲಿ ಗೆರೆ ಇದೆ." ಅವಳು ಪೆನ್ಸಿಲನ್ನು ಬಿಗಿಯಾಗಿ ಹಿಡಿದು, ತನ್ನಷ್ಟಕ್ಕೇ ಕನ್ನಡದಲ್ಲಿ ಗೊಣಗಿದಳು. "ಮುಖ ನೋಡಿದ್ರೆ ಸಂಭಾವಿತ... ಬಾಯಲ್ಲಿ ಮಾತ್ರ ಸುಳ್ಳು!"

ಅವನು ಕಟ್ಟುತ್ತಿದ್ದ ದಾರವನ್ನು ಅಲ್ಲೇ ಬಿಟ್ಟ.

"ಸುಳ್ಳು ನನಗೆ ಬರುದಿಲ್ಲ ಮಾರಾಯ್ರೆ. ಕನ್ನಡದಲ್ಲಿಯೂ ಬರುದಿಲ್ಲ!"

ಅವಳ ಕಿವಿ ಬಿಸಿಯಾಯಿತು. ಹಾಳೆಯಿಂದ ತಲೆ ಎತ್ತುವಷ್ಟರಲ್ಲಿ ಅವನು ಓಡಿಹೋಗಿದ್ದ.

ಅದು ೧೯೯೬ರ ಡಿಸೆಂಬರ್, ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪ. ಹಿನ್ನೀರಿನಲ್ಲಿ ಈಜು, ನಾಲ್ಕು ಸುತ್ತು ಸೈಕಲ್, ಆಮೇಲೆ ಓಟ. ಮೂರೂ ಬಿಡುವಿಲ್ಲದೆ ಮುಗಿಸಬೇಕಾದ ಟ್ರಯತ್ಲಾನ್. ನಡೆಸುತ್ತಿದ್ದುದು ತಿರುವನಂತಪುರದ ಒಂದು ಪುಟ್ಟ ಸಂಘ. ಬೆಳಿಗ್ಗೆ ಸ್ಪರ್ಧಿಗಳ ತೋಳಿನ ಮೇಲೆ ಶಾಯಿಯಿಂದ ನಂಬರು ಬರೆದವಳೂ, ಆ ನಂಬರು ನೋಡಿ ಸುತ್ತು ಎಣಿಸಿದವಳೂ ದಾಕ್ಷಾಯಣಿಯೇ.

ಹದಿನೇಳು ಎಂದು ಬರೆಯುವಾಗ ಅವಳ ಬೆರಳು ಯಾಕೋ ನಡುಗಿತ್ತು. ಅವನು ಅಲುಗಾಡದೆ ನಿಂತು, ಅವಳ ಕಣ್ಣಿಗೆ ಬೀಳುತ್ತಿದ್ದ ಬಿಸಿಲಿಗೆ ತನ್ನ ಇನ್ನೊಂದು ಕೈ ಅಡ್ಡ ಹಿಡಿದಿದ್ದ.

ಅಂಥವನು ಮೋಸ ಮಾಡುತ್ತಾನಾ...?

ಮಾಡಿದ್ದಾನಲ್ಲ! ಗೆರೆ ಸುಳ್ಳು ಹೇಳುತ್ತದೆಯೆ?

ಓಟದಲ್ಲಿ ಎಲ್ಲರಿಗಿಂತ ಮೊದಲು ಬಂದ ಹದಿನೇಳನೇ ನಂಬರಿನ ಅಚ್ಯುತನನ್ನು ಸ್ಪರ್ಧೆಯಿಂದ ಹೊರಗಿಟ್ಟರು. ಅವಳ ವರದಿಯಲ್ಲಿ ಒಂದು ಕಟುವಾದ ಸಾಲಿತ್ತು: 'ಸುತ್ತು ತಪ್ಪಿಸಿ ಗೆಲ್ಲಲು ನೋಡಿದ್ದಾರೆ.' ಕಾರ್ಯದರ್ಶಿ ಶಂಕರನಾರಾಯಣ ಬೆನ್ನು ತಟ್ಟಿದರು. ಸ್ವಲ್ಪ ಹೊತ್ತಿಗೆ ಅವಳ ಮೇಜಿನ ಮೇಲೆ ಯಾರೋ ಒಂದು ಎಳನೀರು ಇಟ್ಟುಹೋದರು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಗಟಗಟನೆ ಕುಡಿದಳು.

ಆದರೆ ತಿರುವನಂತಪುರಕ್ಕೆ ಹೋಗುವ ರೈಲಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೆ ಹೋದಳು, ಬಂದಳು, ಮತ್ತೆ ಹೋದಳು. 'ಸುಳ್ಳು ನನಗೆ ಬರುದಿಲ್ಲ...' ಚಕ್ರದ ಸದ್ದಿಗೂ ಅದೇ ಮಾತು!

ಎರಡು ತಿಂಗಳ ಮೇಲೆ ಸಂಘ ಮೂವರು ಟ್ರಯತ್ಲಾನ್ ಸ್ಪರ್ಧಿಗಳನ್ನು ಸನ್ಮಾನಿಸಲು ನಿರ್ಧರಿಸಿತು. ಹೆಂಗಸರ ಓಟದ ತಂಡ ಕಟ್ಟಿದ ಜಾಯ್ಸ್‌ಗೆ ನಾಯಕತ್ವಕ್ಕಾಗಿ. ಟೈರು ಒಡೆದ ಸೈಕಲನ್ನು ಹೆಗಲ ಮೇಲೆ ಹೊತ್ತು ಕೊನೆಯವನಾಗಿ ಮುಗಿಸಿದ ಅಲ್ವಿನ್‌ಗೆ ಛಲಕ್ಕಾಗಿ. ಸಮಾಜಸೇವೆಗೆ ಮಾತ್ರ ಒಂದೇ ಅರ್ಜಿ ಬಂದಿತ್ತು. ತಿರುವನಂತಪುರದ ಪಕ್ಕದ ವಿಳಿಂಜಂ ಬಂದರಿನ ಮೀನುಗಾರ ಹೆಂಗಸು ಫಾತಿಮಾ ಬರೆಸಿದ್ದು. 'ಬಂದರಿನ ಗುಮಾಸ್ತ ಅಚ್ಯುತ ಮಾಷ್ ನಮಗೂ ನಮ್ಮ ಹೆಣ್ಣುಮಕ್ಕಳಿಗೂ ಈಜು ಕಲಿಸುತ್ತಾರೆ.'

"ಮೋಸ ಮಾಡಿದವನಿಗೆ ಸನ್ಮಾನವೇ? ನಿನ್ನ ವರದಿಯೇ ಇದೆಯಲ್ಲ ಮೋಳೇ!" ಮಗಳನ್ನು ಕರೆದಂತೆ ಕರೆದು ಶಂಕರನಾರಾಯಣ ಅಚ್ಯುತನ ಹೆಸರು ಹೊಡೆದುಹಾಕಿದರು.

ಆ ಗೆರೆ ಅವಳ ಎದೆಯ ಮೇಲೇ ಎಳೆದಂತಾಯಿತು. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ವಿಳಿಂಜಂ ಬಸ್ಸು ಹತ್ತಿದಳು.

ಬಂಡೆಗಳ ಮರೆಯಲ್ಲಿ ನೀರು ಶಾಂತವಾಗಿತ್ತು. ಸೊಂಟದ ಮಟ್ಟದ ನೀರಿನಲ್ಲಿ ಅಚ್ಯುತ ನಿಂತಿದ್ದ. ದಡದಲ್ಲಿ ಹುಡುಗಿಯರು ಉಪ್ಪುನೀರಿಗೆ ಇಳಿಯುವ ಮುನ್ನ ಕೊಬ್ಬರಿ ಎಣ್ಣೆ ಬಳಿದುಕೊಳ್ಳುತ್ತಿದ್ದರು. ಎಣಿಸಲು ಸುಲಭವಾಗಲೆಂದು ಫಾತಿಮಾ ಅವರ ತೋಳುಗಳ ಮೇಲೆ ನಂಬರು ಬರೆಯುತ್ತಿದ್ದಳು.

"ಎಣ್ಣೆ ಒರೆಸ್ಕೋ ಮೊದಲು!" ಎಂದು ಮಲಯಾಳದಲ್ಲಿ ಒಬ್ಬಳನ್ನು ಗದರಿದಳು. "ಎಣ್ಣೆಯ ಮೇಲೆ ಶಾಯಿ ನಿಲ್ಲುತ್ತಾ? ನೀರಿಗಿಳಿದರೆ ಅರ್ಧ ಹೋಯ್ತು, ಬೆವರಿದರೆ ಪೂರ್ತಿ!"

ದಾಕ್ಷಾಯಣಿ ಅಲ್ಲೇ ನಿಂತುಬಿಟ್ಟಳು.

ಕೊಚ್ಚಿಯ ಬೆಳಗು... ಮಿರಮಿರ ಹೊಳೆಯುತ್ತಿದ್ದ ತೋಳು... ಬೆರಳು ನಡುಗಿತ್ತಲ್ಲ, ಜಾರಿಯೂ ಇತ್ತು! ತಾನು ಒರೆಸಿರಲಿಲ್ಲ.

ಅವನು ನೋಡುವ ಮುನ್ನವೇ ತಿರುಗಿ ಓಡಿದಳು.

ಮನೆಗೆ ಬಂದವಳೇ ಹಳೆಯ ಹಾಳೆ ತೆಗೆದಳು. ಹದಿನೇಳರ ಮುಂದೆ ಮೂರು ಗೆರೆ. ಒಂದನೇ ನಂಬರಿನ ಮುಂದೆ ನಾಲ್ಕು, ಅವುಗಳ ಮೇಲೆ ಅಡ್ಡಲಾಗಿ ಇನ್ನೊಂದು. ನಾಲ್ಕೇ ಸುತ್ತಿನ ಸ್ಪರ್ಧೆಯಲ್ಲಿ ಐದು ಗೆರೆ! ಕೊನೆಯ ಸುತ್ತಿಗೆ ಅವನ ತೋಳಿನ ೧೭ರಲ್ಲಿ ಏಳು ಅಳಿಸಿಹೋಗಿ ಬರೀ ಒಂದು ಉಳಿದಿತ್ತು.

"ಅಪ್ಪಾ... ನಾನು ಒಬ್ಬರಿಗೆ ಕಳ್ಳ ಅನ್ನೋ ಹೆಸರು ಕೊಟ್ಟುಬಿಟ್ಟೆ!"

ತುಂಬಾ ಊರಿನ ರಾಕೆಟ್ ಉಡಾವಣಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಕೃಷ್ಣಾನಂದ ಹಾಳೆಯನ್ನು ಎರಡು ಸಲ ನೋಡಿದರು. ಮೈಸೂರು ಬಿಟ್ಟು ಇಪ್ಪತ್ತು ವರ್ಷವಾದರೂ ಅವರ ಮಾತು ಮೆತ್ತಗೇ ಇತ್ತು.

"ಎಣಿಕೇಲಿ ತಪ್ಪು ಕಂಡ್ರೆ ನಾವು ರಾಕೆಟ್ಟನ್ನೇ ನಿಲ್ಲಿಸ್ತೀವಿ ಪುಟ್ಟಿ. ಎಲ್ಲರ ಎದುರಿಗೇ ನಿಲ್ಲಿಸ್ತೀವಿ. ಅದರಲ್ಲಿ ಅವಮಾನ ಏನಿಲ್ಲ."

ಎಲ್ಲರ ಎದುರಿಗೇ...

ಭಾನುವಾರ ಸಭಾಂಗಣ ತುಂಬಿತ್ತು. ನಿರೂಪಣೆ ದಾಕ್ಷಾಯಣಿಯದು. ಗೆಳೆಯ ಅಲ್ವಿನ್‌ಗಾಗಿ ಅಚ್ಯುತನೂ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದ, ಪಕ್ಕದಲ್ಲಿ ಫಾತಿಮಾ. ಜಾಯ್ಸ್‌ಗೆ ಶಾಲು ಹೊದಿಸಿದರು. ಅಲ್ವಿನ್‌ಗೂ ಆಯಿತು. ಇನ್ನು ವಂದನಾರ್ಪಣೆ.

ಅವಳು ಮೈಕಿನ ಮುಂದೆ ನಿಂತಳು. ಈಗ ಹೇಳದಿದ್ದರೆ ಯಾವತ್ತೂ ಇಲ್ಲ!

"ಇನ್ನೊಬ್ಬರಿಗೆ ಸನ್ಮಾನ ಬಾಕಿ ಇದೆ," ಎಂದು ಮಲಯಾಳದಲ್ಲಿ ಹೇಳಿ ಹಾಳೆಯನ್ನು ಎತ್ತಿ ಹಿಡಿದಳು. "ಕೊಚ್ಚಿಯಲ್ಲಿ ತಪ್ಪು ಮಾಡಿದ್ದು ಅಚ್ಯುತ ಅಲ್ಲ, ನಾನು. ಎಣ್ಣೆಯ ತೋಳು ಒರೆಸದೆ ಬರೆದೆ. ಅವರ ನಾಲ್ಕನೇ ಸುತ್ತು ಬೇರೆಯವರ ಹೆಸರಿಗೆ ಹಾಕಿದೆ. ಆಮೇಲೆ ಅವರನ್ನೇ ಮೋಸಗಾರ ಅಂದೆ."

ಶಂಕರನಾರಾಯಣ ಎದ್ದು ಬಂದು, ಕನ್ನಡಕ ಹಾಕಿಕೊಂಡು ಗೆರೆಗಳನ್ನು ಎಣಿಸಿದರು. ಮುಖ ಕೆಂಪಾಯಿತು. ಮೂರನೆಯ ಶಾಲು ತಂದಿರಲಿಲ್ಲ. ಅವರು ತಮಗೆ ಹೊದಿಸಿದ್ದ ಶಾಲನ್ನೇ ತೆಗೆದು, ಮಡಿಕೆ ಸರಿಮಾಡಿ, ಮೆಟ್ಟಿಲಿಳಿದು ಕೊನೆಯ ಸಾಲಿಗೆ ನಡೆದರು.

"ಕ್ಷಮಿಸಬೇಕು ಮೋನೇ," ಎಂದು ಮಗನಿಗೆ ಹೇಳುವಂತೆ ಹೇಳಿ ಅಚ್ಯುತನಿಗೆ ಹೊದಿಸಿದರು.

ಫಾತಿಮಾಳ ಚಪ್ಪಾಳೆ ಎಲ್ಲರಿಗಿಂತ ಜೋರಾಗಿತ್ತು!

ಹೊರಗೆ ಬಾದಾಮಿ ಮರದ ಕೆಳಗೆ ಅವನೇ ಹತ್ತಿರ ಬಂದ. ಅವಳಿಗೆ ತಲೆ ಎತ್ತಲಾಗಲಿಲ್ಲ.

"ನೀವು ಜಗಳ ಆಡಬಹುದಿತ್ತು..."

"ಓಟ ಮುಗಿಸಿ ತೋಳು ನೋಡಿದೆ. ಏಳು ಇರ್ಲೇ ಇಲ್ಲ. ಎಂತ ಆಯ್ತು ಅಂತ ಆಗಲೇ ಗೊತ್ತಾಯ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?!"

"ಹೇಳ್ಲಿಕ್ಕೇ ಬಂದಿದ್ದೆ. ನೀವು ಬಿಸಿಲಲ್ಲಿ ತಲೆ ಹಿಡ್ಕೊಂಡು ಕೂತಿದ್ರಿ, ಮುಖ ಬಾಡಿತ್ತು. ಹೇಳಿದ್ರೆ ಸಂಘದವರು ಮತ್ತೆ ಆ ಮೇಜಿನಲ್ಲಿ ನಿಮ್ಮನ್ನು ಕೂರಿಸ್ತಿದ್ರಾ? ಹಾಗಾಗಿ ಎಳನೀರು ಇಟ್ಟು ಬಂದೆ."

"ಎಳನೀರು... ನೀವಾ?"

ಅವಳ ಕಣ್ಣು ತುಂಬಿತು. ಕಳ್ಳ ಅಂದವಳ ಬಾಯಾರಿಕೆ ನೋಡಿದ್ದನಲ್ಲ!

"ನಿಮ್ಮ ಮಾತಿಗೆ ಸಿಟ್ಟು ಬಂದದ್ದು ಹೌದು," ಅವನು ನಕ್ಕ. "ಆದ್ರೆ ಎರಡು ತಿಂಗಳಾಯ್ತು, ಆ ಸ್ವರ ಕಿವಿಯಿಂದ ಹೋಗ್ಲೇ ಇಲ್ಲ. ಎಂತ ಮಾಡುದು ಹೇಳಿ?"

"ನನಗೂ... ರೈಲಲ್ಲಿ ಒಂದು ಕ್ಷಣ ಕೂರಕ್ಕಾಗ್ಲಿಲ್ಲ. ಇವತ್ತಿನವರೆಗೂ!"

ಅವಳು ಚೀಲದಿಂದ ಶಾಯಿಯ ಪೆನ್ನು ತೆಗೆದಳು. ಅವನ ತೋಳು ಹಿಡಿದು, ಸೆರಗಿನಿಂದ ನಿಧಾನವಾಗಿ ಒರೆಸಿದಳು. ಮನೆಯ ಫೋನ್ ನಂಬರು ಬರೆದಳು. ಈ ಸಲ ಬೆರಳು ನಡುಗಲಿಲ್ಲ.

"ಅಪ್ಪ ಎತ್ತಬಹುದು. ಹೆದರಬೇಡಿ, ಎಣಿಕೆ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು."

"ನಾಳೆ ಬೆಳಿಗ್ಗೆ ಸಮುದ್ರಕ್ಕೆ ಇಳೀಲಿಕ್ಕೆ ಉಂಟು. ಅಳಿಸಿ ಹೋದ್ರೆ?"

ಅವಳು ಮೊದಲ ಸಲ ಅವನ ಕಣ್ಣನ್ನೇ ನೋಡಿದಳು.

"ಮತ್ತೆ ಬರೀತೀನಿ."

"ದಿನಾ ಇಳೀತೇನಲ್ಲ ಮಾರಾಯ್ರೆ...!"

"ದಿನಾ ಬರೀತೀನಿ."